ಮೂವರಿಗೆ ಒಂದು ಬುರ್ಖಾ

ಮೊನ್ನೆ ತೀರ್ಥಹಳ್ಳಿಯ ಇಸ್ತ್ರಿ ಅಂಗಡಿಯ ಮುಂದೆ ಸೀರೆ ಹಿಡಿದು ನಿಂತಿದ್ದೆ. ಅಂಗಡಿಯವನು ಕಪ್ಪು ಬುರ್ಖಾ ಒಂದನ್ನು ಹಾಸಿ, ನೀರು ಚಿಮುಕಿಸಿ, ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ಎಳೆದ. ಒದ್ದೆ ಬಟ್ಟೆ ಬಿಸಿಗೆ ಬಿಟ್ಟ ಆ ವಾಸನೆ... ಸಾಗರದ ನಮ್ಮ ಮನೆಯ ಜಗಲಿ ಕಣ್ಣ ಮುಂದೆ ಬಂತು.

ಎಪ್ಪತ್ತರ ದಶಕದ ಕೊನೆಯ ಮಾತು. ಪಕ್ಕದ ಮನೆಯಲ್ಲಿ ಆಪಾ ಇದ್ದರು. ಅವರ ಮನೆ ಮಾತಿನಲ್ಲಿ ಅಕ್ಕ ಎಂದರೆ ಆಪಾ; ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರ ತಂದೆ ಪೇಟೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದರು. ಆ ಮನೆಯಲ್ಲಿ ಹೆಂಗಸರು ಮೂವರು: ಅಮ್ಮಿ ಅಂದರೆ ಆಪಾ ಅವರ ತಾಯಿ, ಅತ್ತಿಗೆ, ಆಪಾ. ಬುರ್ಖಾ ಮಾತ್ರ ಒಂದೇ. ಒಬ್ಬರು ಹಾಕಿಕೊಂಡು ಹೊರಟರೆ, ಅವರು ಮರಳುವವರೆಗೆ ಉಳಿದಿಬ್ಬರು ಬೀದಿಗೆ ಇಳಿಯುತ್ತಿರಲಿಲ್ಲ. ಆಪಾ ಬೆಳಿಗ್ಗೆ ಕಾಲೇಜಿಗೆ ಹೋದರೆ, ಅಮ್ಮಿ ಸಂತೆಗೆ ಹೋಗುವುದು ಸಂಜೆಯೇ.

ದಿನಚರಿ ಬರೆಯುವ ಚಟ ನನಗೆ ಆಗಲೇ ಅಂಟಿತ್ತು. ಮಳೆ, ಮನೆಗೆ ಬಂದ ನೆಂಟರು, ಶಾಲೆಯಲ್ಲಿ ಬಿದ್ದ ಏಟು, ಎಲ್ಲಕ್ಕೂ ಲೆಕ್ಕ ಇಡುತ್ತಿದ್ದೆ. ಬುರ್ಖಾದೊಳಗೆ ಇವತ್ತು ಯಾರು ಎಂದು ಊಹಿಸಿ, ಸರಿಯೋ ತಪ್ಪೋ ಎಂದು ಗುರುತು ಹಾಕುವುದೂ ಅದರಲ್ಲಿ ಸೇರಿತ್ತು. ಅದನ್ನು ಹೊಲಿಸಿದ್ದು ಎತ್ತರದ ಅತ್ತಿಗೆಯ ಅಳತೆಗೆ. ಆಪಾ ಗಿಡ್ಡ. ಅವರು ಹಾಕಿಕೊಂಡರೆ ಅಂಚು ನೆಲ ಗುಡಿಸುತ್ತಿತ್ತು. ಸವೆದು ಸವೆದು ಅಲ್ಲಿ ಕಪ್ಪು ಬಣ್ಣ ಹೋಗಿ ಕಂದಾಗಿತ್ತು. ನಮ್ಮ ಗೇಟಿನ ಹತ್ತಿರ ಬಂದಾಗ ಮುಖದ ಪರದೆ ಒಂದಿಷ್ಟು ಎತ್ತಿ ನಕ್ಕು ಹೋಗುತ್ತಿದ್ದರು, ನನ್ನ ಊಹೆ ಸರಿ ಎಂದು ಹೇಳುವ ಹಾಗೆ.

ಇಸ್ತ್ರಿ ಪೆಟ್ಟಿಗೆ ನಮ್ಮದು. ಆಪಾ ಬುರ್ಖಾ ತಂದು ನಮ್ಮ ಜಗಲಿಯಲ್ಲೇ ಉಜ್ಜುತ್ತಿದ್ದರು. ಒಳಗೆ ಸೆಖೆ ಆಗಲ್ವಾ ಎಂದು ಒಮ್ಮೆ ಕೇಳಿದ್ದೆ.

"ಆಗುತ್ತೆ ಮಾರಾಯ್ತಿ. ಆದ್ರೆ ಇದೊಂದಿದ್ರೆ ಎಲ್ಲಿಗೆ ಹೊರಟೆ ಅಂತ ಯಾರೂ ಅಡ್ಡ ಹಾಕಲ್ಲ. ಬಸ್ಸಲ್ಲಿ ಯಾರೋ ಮುದುಕಿ ಅಂತ ಸೀಟೂ ಬಿಟ್ಕೊಡ್ತಾರೆ."

ಆಪಾಗೆ ಟೀಚರ್ ಆಗುವ ಆಸೆ. ಪಿಯುಸಿ ಮುಗಿಸಿ ತರಬೇತಿಗೆ ಅರ್ಜಿ ಹಾಕಿದ್ದರು. ಶಿವಮೊಗ್ಗದಲ್ಲಿ ಸಂದರ್ಶನ ಎಂದು ಕಾರ್ಡು ಬಂದಾಗ ಅತ್ತಿಗೆ ಬುರ್ಖಾ ಹಾಕಿಕೊಂಡು ಹೊಸನಗರದ ತವರಿಗೆ ಹೋಗಿದ್ದರು. ಅವರ ತಾಯಿಗೆ ಕಾಯಿಲೆ. ಸಂದರ್ಶನದ ಹಿಂದಿನ ದಿನ ಸಂಜೆಯ ಬಸ್ಸಿಗೆ ಬರಬೇಕಿತ್ತು. ಬಂದದ್ದು ಅವರ ತಾಯಿ ತೀರಿಕೊಂಡ ಸುದ್ದಿ.

ಬೆಳಿಗ್ಗೆ ಅಮ್ಮಿ ಹಿತ್ತಲ ಬೇಲಿಯ ಹತ್ತಿರ ನಿಂತು ಆಚೆ ಮನೆಯವರಲ್ಲಿ ಒಂದು ದಿನದ ಮಟ್ಟಿಗೆ ಬುರ್ಖಾ ಕೇಳಿದರು. ಕೆಲಸಕ್ಕೆ ಹೋಗಿ ನಾಲ್ಕು ಜನರ ಮುಂದೆ ನಿಲ್ಲುವವಳಿಗೆ ಪರ್ದಾ ಯಾಕೆ, ಹಾಗೇ ಹೋಗಲಿ ಎಂದು ಅಲ್ಲಿನ ಅಜ್ಜಿ ನಕ್ಕುಬಿಟ್ಟಿತು.

ನನ್ನ ಅಮ್ಮ ಸೀರೆ ಬದಲಿಸಿ ಹೊರಟೇ ಬಂದಳು. "ದುಪಟ್ಟಾ ತಲೆ ತುಂಬ ಹೊದ್ಕೋ. ಶಿವಮೊಗ್ಗದವರೆಗೆ ನಾನೂ ಬರ್ತೀನಿ," ಎಂದಳು.

ಆಪಾ ಚಪ್ಪಲಿ ಮೆಟ್ಟಿದರು. ದುಪಟ್ಟಾ ಎಳೆದುಕೊಂಡು ಮೆಟ್ಟಿಲಿಳಿದರು. ಅಮ್ಮಿ ತಡೆಯಲಿಲ್ಲ, ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಬೀದಿಯಲ್ಲಿ ಹಾಲಿನವನೊಬ್ಬನನ್ನು ಬಿಟ್ಟು ಯಾರೂ ಇರಲಿಲ್ಲ. ಆಪಾ ಗೇಟಿನ ಚಿಲಕ ಹಿಡಿದು ನಿಂತರು... ಬಹಳ ಹೊತ್ತು ನಿಂತರು. ಬಸ್ಸು ತಪ್ಪುತ್ತೆ ಎಂದು ಅಮ್ಮ ಅವಸರ ಮಾಡಿದಳು.

"ಅಮ್ಮಿ ಬೇಡ ಅಂತಾರೆ ಅಂತಲ್ಲಮ್ಮಾ," ಎಂದರು ಆಪಾ. "ನಂಗೇ ಕಾಲು ಬರ್ತಿಲ್ಲ."

ತಿರುಗಿ ಒಳಗೆ ಹೋದರು. ಅತ್ತಿಗೆ ಬುರ್ಖಾ ತಂದಾಗ ಸಂದರ್ಶನ ಮುಗಿದು ವಾರವಾಗಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಸತ್ತ ಮನೆಯಿಂದ ಬಂದವರನ್ನು ಬೈಯುವುದಾದರೂ ಹೇಗೆ?

ಮರುವರ್ಷ ತೀರ್ಥಹಳ್ಳಿಯ ಕಡೆಗೆ ಸಂಬಂಧ ಕೂಡಿಬಂತು. ಗಂಡಿನ ಮನೆಯವರು ಮಿರಿಮಿರಿ ಮಿಂಚುವ ಬುರ್ಖಾ ಕಳಿಸಿದ್ದರು, ಆಪಾ ಅಳತೆಗೇ ಹೊಲಿಸಿದ್ದು. ಅದನ್ನೂ ನಮ್ಮ ಜಗಲಿಯಲ್ಲೇ ಇಸ್ತ್ರಿ ಮಾಡಿದರು. "ಈಗ ನಂದೇ ಒಂದು ಆಯ್ತು ನೋಡು," ಎಂದರು. ಹಾಕಿಕೊಂಡು ಎಲ್ಲಿಗೆ ಹೋಗ್ತೀರಿ ಎಂದು ನಾನು ಕೇಳಿದೆ. ಅವರು ಪೆಟ್ಟಿಗೆ ಎತ್ತಿ ಕೆಂಡಕ್ಕೆ ಗಾಳಿ ಊದಿದರು.

ಮದುವೆಯ ನಂತರ ಆಪಾ ಸಾಗರಕ್ಕೆ ಬಂದದ್ದನ್ನು ನಾನು ಕಾಣಲಿಲ್ಲ. ಕೆಲವು ವರ್ಷ ಕಳೆದು ಅಮ್ಮಿ ಮಗಳ ಮನೆಗೆ ಹೋಗಿ ಬಂದವರು ನಮ್ಮ ಅಡಿಗೆಮನೆಯಲ್ಲಿ ಕೂತು ಸಂತೋಷದಿಂದ ಹೇಳಿದ್ದು ನೆನಪಿದೆ. ಆ ಮನೆಯಲ್ಲಿ ಸಂತೆ, ಅಂಗಡಿ ಎಲ್ಲ ಗಂಡಸರದ್ದೇ ಅಂತೆ. ಹೆಂಗಸರಿಗೆ ಹೊರಗಿನ ಕೆಲಸವೇ ಇಲ್ಲವಂತೆ.

"ಬುರ್ಖಾ ಇನ್ನೂ ಹೊಸದರ ಹಾಗೇ ಇಟ್ಕೊಂಡಿದ್ದಾಳೆ ಅಕ್ಕಾ."

ಅಮ್ಮ ಒಲೆಯ ಕಡೆ ತಿರುಗಿದಳು. ಆಮೇಲೆ ಆಪಾ ಅವರ ತಂದೆ ತೀರಿಕೊಂಡರು, ಮನೆ ಖಾಲಿಯಾಯಿತು. ಆಪಾ ಯಾವ ಕೇರಿಯಲ್ಲಿದ್ದಾರೆ ಎಂದು ಕೇಳಲೂ ಯಾರೂ ಉಳಿಯಲಿಲ್ಲ.

ನಾನೀಗ ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಬುರ್ಖಾ ಹಾಕಿದವರು ಎದುರಾದರೆ ಕಣ್ಣು ತಾನಾಗಿ ಕಾಲಿನ ಕಡೆ ಹೋಗುತ್ತದೆ. ಪರದೆ ಎತ್ತಿ ಯಾರೂ ನಗುವುದಿಲ್ಲ.

ಮೊನ್ನೆ ಇಸ್ತ್ರಿ ಅಂಗಡಿಯವನನ್ನು ಆ ಬುರ್ಖಾ ಯಾರ ಮನೆಯದು ಎಂದು ಕೇಳಿದೆ.

"ಗೊತ್ತಿಲ್ಲ ಟೀಚರ್. ಗಂಡಸ್ರು ತಂದ್ಕೊಟ್ಟು ಹೋಗ್ತಾರೆ," ಎಂದ.

ಅವನು ಮಡಿಸುವಾಗ ಅಂಚು ನೋಡಿದೆ. ಎಲ್ಲಿಯೂ ಸವೆದಿರಲಿಲ್ಲ.