ಪಲ್ಟನ್ ಬಾಗಿನಲ್ಲಿ ಚರಗ ಚೆಲ್ಲಿದ ಸಂಜೆ

ಇದು ನಿಜವಾಗಿ ನಡೆದದ್ದು. ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ದೆವ್ವದ ಮಾತೆತ್ತಿದರೆ ಕಂಬಳಿ ಹೊದೆಯುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ.

ಪ್ಲೇಗು ಬಂದು ಹೋದ ಮರುವರ್ಷ. ಬೈಲಹೊಂಗಲದ ಹೊರಗೆ ದಂಡು ಬೀಡುಬಿಡುತ್ತಿದ್ದ ಬಯಲು ಖಾಲಿಯಾಗಿತ್ತು. ಸಿಪಾಯಿಗಳಲ್ಲಿ ಹಲವರು ಪ್ಲೇಗಿಗೆ ಅಲ್ಲೇ ಸತ್ತು, ಉಳಿದವರು ಕುದುರೆ, ಡೇರೆ ಸಮೇತ ಹೋಗಿ ಬರೀ ಗಟ್ಟಿ ನೆಲ. ಊರಿನ ಮುಖಂಡರು ಅದನ್ನು 'ಪಲ್ಟನ್ ಬಾಗು' ಎಂಬ ದೊಡ್ಡ ಹೂದೋಟ ಮಾಡಲು ಹೊರಟರು. ಗುಲಾಬಿಗೂ ಬದನೆಗೂ ವ್ಯತ್ಯಾಸ ತಿಳಿಯದ ಮಹಾಶಯರು! ಮೇಲ್ವಿಚಾರಣೆ ನನ್ನ ಕೊರಳಿಗೆ ಬಿತ್ತು.

ಮಾಲಿ ಫಕೀರಪ್ಪ ಸಂಗೊಳ್ಳಿ ಕಡೆಯ ರೈತ. ತುಂಬು ಬಸುರಿ ಹೆಂಡತಿಯೊಂದಿಗೆ ಬಾಗಿನ ಮೂಲೆಯ ಗುಡಿಸಲಿನಲ್ಲಿದ್ದ. ನಡುವಿನ ಗುಲಾಬಿ ಮಡಿ ಮಾತ್ರ ಎಷ್ಟು ನೀರುಣಿಸಿದರೂ ಒಣಗುತ್ತಿತ್ತು. ಕಲೆಕ್ಟರ್ ಸಾಹೇಬ ಬರುವುದರೊಳಗೆ ಚಿಗುರದಿದ್ದರೆ ಗುಡಿಸಲು ಖಾಲಿ ಮಾಡು ಎಂದು ಮುಖಂಡರ ಸಮಿತಿಯ ಅಧ್ಯಕ್ಷರು ಗುಡುಗಿದ್ದರು.

"ರಾಯರ, ಈ ನೆಲಾ ಚರಗ ಕಂಡಿಲ್ರಿ," ಎಂದ ಫಕೀರಪ್ಪ. "ಇವತ್ತ ಸೀಗಿ ಹುಣ್ಣಿವಿ. ಭೂಮಿತಾಯಿಗೆ ಉಣಸಬೇಕ್ರಿ. ಮುಂದ ನಾ ಅನ್ನಾ ಚೆಲ್ಲತೇನಿ. ಹಿಂದ ನೀರ ಚಿಮುಕಸಾಕ, ದನಿ ಕೂಡಸಾಕ ಒಬ್ರು ಬೇಕು. ನನ್ನ ಹೇಣ್ತಿಗೆ ನಡ್ಯಾಕ ಆಗೂದಿಲ್ಲ... ನೀವ ಬರ್ರಿ."

"ಇದೇನ ನಿಮ್ಮಪ್ಪನ ಹೊಲಾ ಏನಲೇ? ಗುಲಾಬಿ ಕಡಬು ತಿಂತದೇನು? ನಾ ತಂಬಿಗಿ ಹಿಡಕೊಂಡು ನಿನ್ನ ಹಿಂದ ಬರಬೇಕೇನು?" ಎಂದು ನಾನು ನಕ್ಕುಬಿಟ್ಟೆ.

ಹಗಲಲ್ಲಿ ಮಾಡಿದರೆ ಮುಖಂಡರು ನಗುತ್ತಾರೆಂದು ಹೊತ್ತು ಮುಳುಗಿದ ಮೇಲೆ ಫಕೀರಪ್ಪ ಒಬ್ಬನೇ ಬುಟ್ಟಿ ಹೊತ್ತು ಹೊರಟ. ತಮಾಷೆ ನೋಡಲು ನಾನು ಗೇಟಿನ ಕಟ್ಟೆಯ ಮೇಲೆ ಕುಳಿತೆ.

"ಹುಲ್ಲುಲ್ಲಿಗೋ..." ಎಂದು ಕೂಗಿ ಅನ್ನ ಎರಚಿದ.

"ಚಲ್ಲಾಂಬ್ರಿಗೋ..." ಅವನ ಹಿಂದಿನಿಂದ ಉತ್ತರ ಬಂತು.

ಒಂದು ದನಿಯಲ್ಲ... ಹತ್ತಾರು ಗಂಡು ದನಿಗಳು, ಕವಾಯತಿನಲ್ಲಿ ಕೂಗಿದಂತೆ ಒಟ್ಟಿಗೆ. ಕುದುರೆ ಲದ್ದಿಯ, ಬೆವೆತ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಅವನ ಹಿಂದೆ ಒಣ ಮಣ್ಣಿನ ಮೇಲೆ ನೀರಿನ ಹನಿಗಳು ಬೀಳುತ್ತಿದ್ದವು. ಚಿಮುಕಿಸುವವರು ಯಾರೂ ಇರಲಿಲ್ಲ.

ಚರಗ ಚೆಲ್ಲುವಾಗ ಹಿಂತಿರುಗಿ ನೋಡಬಾರದೆಂದು ಅವನ ಕಡೆಯವರ ನೇಮ. ಫಕೀರಪ್ಪ ನೋಡಲಿಲ್ಲ.

"ಬಂದ್ರಲ್ಲಾ ರಾಯರ! ಮಂದೀನೂ ಕರಕೊಂಡ ಬಂದೀರಿ, ಛಲೋ ಆತ್ರಿ," ಎಂದು ಸಂತೋಷದಿಂದ ಮುಂದೆ ನಡೆದ.

ಕೂಗಿ ಎಚ್ಚರಿಸುವ ಬದಲು ನಾನು ಕಾಲನ್ನು ಕಟ್ಟೆಯ ಮೇಲೆ ಎಳೆದುಕೊಂಡು, ಹೆಗಲ ಶಾಲನ್ನು ತಲೆಗೆ ಹೊದ್ದುಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬುಟ್ಟಿ ಬರಿದು ಮಾಡಿ ಗೇಟಿಗೆ ಬಂದವನು ನನ್ನನ್ನು ನೋಡಿ ನಿಂತುಬಿಟ್ಟ.

"ನೀವು... ಇಲ್ಲೇ ಕುಂತಿದ್ರೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಹಂಗಾರ ನನ್ನ ಹಿಂದ..." ಎಂದವನೇ ಬುಟ್ಟಿ ಅಲ್ಲೇ ಬಿಟ್ಟು ಗುಡಿಸಲಿನತ್ತ ಓಡಿದ.

ವಾರದೊಳಗೆ ಮಡಿ ಚಿಗುರಿತು. ಸಾಹೇಬ ಬಂದು ಮೆಚ್ಚಿದ. ಅಧ್ಯಕ್ಷರು ಹಾರ ಹಾಕಿಸಿಕೊಂಡು, ತಾವು ಹೇಳಿಕೊಟ್ಟ ಗೊಬ್ಬರದ ಮಹಿಮೆ ಕೊಚ್ಚಿಕೊಂಡರು. ಗುಡಿಸಲು ಉಳಿಯಿತೆಂದು ಹೇಳಲು ನಾನು ಹೋದರೆ ಫಕೀರಪ್ಪ ಗಾಡಿಗೆ ಗಂಟು ಹೇರುತ್ತಿದ್ದ.

"ಇರು ಅಂದಾರಲ್ಲೋ, ಯಾಕ ಹೊಂಟಿ?"

"ಉಂಡೋರು ಹೋಗಿಲ್ರಿ," ಅವನು ಪಿಸುಗುಟ್ಟಿದ. "ದಿನಾ ಸಂಜೀಕ ಹಿಂದ ನೀರ ಬೀಳೂ ಸಪ್ಪಳಾ. ನಿನ್ನಿ ನನ್ನ ಹೇಣ್ತಿ ಹಿಂದನೂ ಬಂದಾರ. ಕೂಸು ಹುಟ್ಟೂ ಮನ್ಯಾಗ ಅವರು ಬ್ಯಾಡ್ರಿ..."

ಹೆಂಡತಿಯನ್ನು ಕೂರಿಸಿಕೊಂಡು ಗಾಡಿ ಸಂಗೊಳ್ಳಿ ಹಾದಿ ಹಿಡಿಯಿತು. ನಾನು ಗೇಟಿನಲ್ಲೇ ನಿಂತು ನೋಡಿದೆ. ಬಿಸಿಲಿಗೆ ಕಾದ ಧೂಳಿನಲ್ಲಿ, ಗಾಲಿಯ ಗುರುತಿನ ಹಿಂದೆ ಹಿಂದೆಯೇ, ಹನಿ ಹನಿಯಾಗಿ ಒದ್ದೆ ಮೂಡುತ್ತಾ ಹೋಯಿತು...

ಕಾರಣ ಹೇಳುವ ಜಾಣರು ಹೇಳಿಕೊಳ್ಳಲಿ. ಆ ಕೂಸಿನ ಸುದ್ದಿ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.