ಕಣಕಟ್ಟೆಗೆ ಬಂದ ಕಡಲ ದೀಪ

ನಮ್ಮ ಕಣಕಟ್ಟೆಯಿಂದ ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತರೆ ಸಾಕು, ಅಲೆಗಳ ಸದ್ದು ಕೇಳಿಸುತ್ತದೆ, ರೇವಣಸಿದ್ದಪ್ಪನವರ ಬಾಯಿಂದ. ತೆಂಗು ಬೆಳೆಯುವ ಮನೆಯಲ್ಲಿ ಹುಟ್ಟಿದ ಈ ಮನುಷ್ಯ ಅದು ಹೇಗೋ ಕರಾವಳಿಯಲ್ಲಿ ದೀಪಸ್ತಂಭ ಕಾಯುವ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾದರು. ಹೆಂಡತಿ ಬಸಮ್ಮ ಮಾತ್ರ ಇಲ್ಲೇ ಅತ್ತೆಯನ್ನೂ ತೋಟವನ್ನೂ ನೋಡಿಕೊಂಡಿದ್ದರು.

ಹೊಸ ಸ್ತಂಭ ಎದ್ದು ಹಳೆಯದು ಮುಚ್ಚಿದಾಗ, ಅದರ ಹಿತ್ತಾಳೆಯ ಸೀಮೆಎಣ್ಣೆ ದೀಪ ಗುಜರಿಗೆ ಹೋಗುವುದರಲ್ಲಿತ್ತು. ಇವರು ಹರಾಜಿನಲ್ಲಿ ಹಿಡಿದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಅಂದಿನಿಂದ ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುವುದೇ ಕಾಯಕ.

ಈಗ ಆ ಹಳೆಯ ಸ್ತಂಭವನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುತ್ತಿದ್ದಾರೆ. ಆ ಕೆಲಸ ನೋಡಿಕೊಳ್ಳುವ ಮೇಧಿನಿ ಎಂಬ ಹುಡುಗಿ, ಅಲ್ಲಿಡಲು ದೀಪ ಕೇಳಿಕೊಂಡು ಬಂದಳು. ಫೋನಿನಲ್ಲಿ ಹೂಂ ಅಂದಿದ್ದ ರೇವಣಸಿದ್ದಪ್ಪನವರಿಗೆ ಈಗ ಸಂಕಟ: ಗಾಜಿನ ಪೆಟ್ಟಿಗೆಯೊಳಗೆ ಹಚ್ಚದೆ ಇಟ್ಟುಬಿಟ್ಟರೆ? ಪುಣ್ಯಕ್ಕೆ ಅವಳ ಬಸ್ಸು ತಡವಾಗಿ ಮುಸ್ಸಂಜೆಯಾಗಿತ್ತು.

"ದೀಪ ಹಚ್ಚಿದ ಮ್ಯಾಲೆ ಮನೆಯಿಂದ ಏನೂ ಆಚೆಗೆ ಕೊಡಬಾರ್ದು ಕಣಮ್ಮ," ಎಂದರು. ಹೊತ್ತು ಮುಳುಗಿದ ಮೇಲೆ ಪಕ್ಕದ ಮನೆಗೆ ಮೊಸರು ಕೊಟ್ಟು ಬಸಮ್ಮನಿಂದ ಬೈಸಿಕೊಳ್ಳುವವರು ಇವರೇ.

ಮುಂದಿನ ವಾರ ಅವಳು ಬೆಳಗಿನ ಬಸ್ಸಿನಿಂದಲೇ ಇಳಿದಳು. ರೇವಣಸಿದ್ದಪ್ಪನವರು ಕಾಫಿ ಬಿಟ್ಟು ಎದ್ದುಬಿದ್ದು ಮನೆಗೆ ಓಡಿದರು. ಹಿಂದೆಯೇ ಹೋಗಿ ನೋಡಿದೆವು. ಬೆಳಗಿನ ಬಿಸಿಲಿನಲ್ಲಿ, ಜಗಲಿಯ ಮೇಲೆ, ದೀಪ ಉರಿಯುತ್ತಿತ್ತು.

"ಹಚ್ಚಾಗೈತಲ್ಲಮ್ಮ, ಏನ್ ಮಾಡಾಣ?"

"ಆರೋವರೆಗೂ ಕಾಯ್ತೀನಿ ಸರ್," ಎಂದು ಮೇಧಿನಿ ಕೂತಳು. ಇವರು ಸೀಮೆಎಣ್ಣೆ ಡಬ್ಬ ತಂದು ಪಕ್ಕದಲ್ಲಿಟ್ಟುಕೊಂಡರು.

ಅವಳು ನಕ್ಕಳು. "ಅಲ್ಲೂ ವಾರಕ್ಕೊಂದು ಸಲ ಹಚ್ತೀವಿ ಸರ್. ಆದ್ರೆ ಬತ್ತಿ ಹಾಕೋಕೆ ನಮಗ್ಯಾರಿಗೂ ಬರಲ್ಲ. ನೀವೇ ಬಂದು ಕಲಿಸಬೇಕು. ಟಿಕೆಟ್ ತಂದಿದೀನಿ, ಎರಡು."

"ಎರಡ್ಯಾಕೆ?"

ಬಸಮ್ಮ ರೇಷ್ಮೆ ಸೀರೆ ಉಟ್ಟು, ಬ್ಯಾಗು ಹಿಡಿದು ಹೊರಗೆ ಬಂದರು. "ಹಚ್ಚೋದಾದ್ರೆ ಮಾತ್ರ ಬಾ, ಬೆಳಿಗ್ಗೇನೇ ಬಾ ಅಂತ ಈ ಹುಡುಗಿಗೆ ಫೋನ್ ಮಾಡಿದ್ದು ನಾನು. ಮದುವೆ ಆದಾಗಿಂದ ಸಮುದ್ರದ ಕತೆ ಕೇಳಿ ಕಿವಿ ತೂತು ಬಿದ್ದೈತೆ. ಕಣ್ಣಿಗೂ ಒಸಿ ತೋರಿಸ್ರಿ."

ಊರಿಗೆಲ್ಲ ಸಮುದ್ರ ತೋರಿಸಿದವರು ತಲೆ ತಗ್ಗಿಸಿದರು. ಬಗ್ಗಿ ಬತ್ತಿ ಇಳಿಸಿ ದೀಪ ಆರಿಸಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಬಸಮ್ಮನಿಗೆ ಬಿಟ್ಟುಕೊಟ್ಟು, ಇನ್ನೂ ಬೆಚ್ಚಗಿದ್ದ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.