ಎಲ್ಲ ಡಾಕ್ಟರಿಗೂ ಒಳ್ಳೆಯವರಾಗಿದ್ದ ಕಾಕು

ಹೋದ ವಾರ ಕೆಮ್ಮು ಜೋರಾಗಿ ಕುಷ್ಟಗಿಯ ಹಳೆಯ ಡಾಕ್ಟರ ದವಾಖಾನೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಸನ್‌ಸ್ಕ್ರೀನ್ ಟ್ಯೂಬು ತೆಗೆದು ಮುಖಕ್ಕೆ ಹಚ್ಚಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಬ್ಬಳ್ಳಿ ಬಸ್ಸು ನೆನಪಾಯಿತು, ಅದರ ಬೆನ್ನಿಗೇ ಕಾಕು ನೆನಪಾದರು, ಕಾಕುವಿನ ಬೆನ್ನಿಗೇ ಸಿಟ್ಟು ಬಂತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ಕಾಕು ಅಂದರೆ ನನ್ನ ಮನೆ ಮಾಲಕಿ. ಕುಷ್ಟಗಿಯ ತಾಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ದಿನಾ ಬುಟ್ಟಿ ತುಂಬ ರೊಟ್ಟಿ ಬಡಿಯುತ್ತಿದ್ದ ಅವರ ಕೈಯ ಕೀಲುಗಳು ಇದ್ದಕ್ಕಿದ್ದಂತೆ ಬಾತವು. ಮೂಗಿನ ಎರಡೂ ಬದಿಗೆ ಕೆನ್ನೆ ಕೆಂಪಾಯಿತು. ಹುಬ್ಬಳ್ಳಿಯಲ್ಲಿ ಲೂಪಸ್ ಅಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ರೋಗವಂತೆ. ಎಲ್ಲವನ್ನೂ ನೋಡಿಕೊಳ್ಳಲು ಸಂಧಿವಾತದ ಡಾಕ್ಟರು, ಅವರ ಜೊತೆಗೆ ಚರ್ಮಕ್ಕೊಬ್ಬರು, ಕಿಡ್ನಿಗೊಬ್ಬರು, ಗುಳಿಗೆಯಿಂದ ಕಣ್ಣಿಗೆ ಪೆಟ್ಟಾಗದಂತೆ ನೋಡಲು ಮತ್ತೊಬ್ಬರು. ಕಿಡ್ನಿಗೆ ಆಗಲೇ ತೊಂದರೆ ಶುರುವಾಗಿದೆ, ಹುಷಾರು ತಪ್ಪಿದರೆ ಜೀವ ಉಳಿಯುವುದು ಕಷ್ಟ ಎಂದು ಬಿಡಿಸಿ ಹೇಳಿದ್ದರು. ಅವರ ಗಂಡ ಕಾಕಾ ಬೀಜ ಗೊಬ್ಬರದ ಅಂಗಡಿ ಬಿಟ್ಟು ಕದಲುವವರಲ್ಲ. ಹಾಗಾಗಿ ರಜೆ ಹಾಕಿ ಜೊತೆಗೆ ಹೋಗುತ್ತಿದ್ದವಳು ನಾನು.

“ಬ್ಯಾನಿ ಒಂದ ಐತಿ, ಡಾಕ್ಟರು ಇಷ್ಟ ಮಂದಿ ಎದಕ್ಕವ್ವಾ?” ಎಂದು ಪ್ರತಿ ಸಲವೂ ಕಾಕು ಕೇಳುತ್ತಿದ್ದರು. ಅವರೆಲ್ಲ ಸೇರಿ ಒಂದೇ ತಂಡ, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲೇಬೇಕು ಎಂದು ಯಲಬುರ್ಗಾ ದಾಟುವವರೆಗೂ ಹೇಳಿ ಹೇಳಿ ನನ್ನ ಬಾಯಿ ಒಣಗುತ್ತಿತ್ತು. ಕಾಕು ತಲೆಯಾಡಿಸುವರು. ಗದಗ ದಾಟಿದ ಮೇಲೆ, ಬಿಸಿಲು ತಾಗಿದರೆ ರೋಗ ಕೆರಳುತ್ತದೆಂದು ಚರ್ಮದ ಡಾಕ್ಟರು ದಿನಾ ಹಚ್ಚಲು ಹೇಳಿದ್ದ ಸನ್‌ಸ್ಕ್ರೀನ್ ತೆಗೆದು ಗೋಡೆಗೆ ಸುಣ್ಣ ಬಳಿದಂತೆ ಮುಖಕ್ಕೆ ಬಳಿದುಕೊಳ್ಳುವರು. ಅದೂ ಚರ್ಮದ ಡಾಕ್ಟರನ್ನು ಕಾಣುವ ದಿನ ಮಾತ್ರ! ಕುಷ್ಟಗಿಯ ಬಿಸಿಲಿಗೆ ಅದು ಬೇಡ, ಡಾಕ್ಟರ ಸಮಾಧಾನಕ್ಕೆ ಬೇಕು. ಇಂಥವರಿಗೆ ಏನು ಹೇಳುವುದು...

ಒಂದು ದಿನ ಕಿಡ್ನಿ ಡಾಕ್ಟರು, ನೋವಿಗೆಂದು ಬೇರೆ ಕಡೆ ಗುಳಿಗೆ, ಸೂಜಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. “ಇಲ್ರಿ ಸಾಹೇಬ್ರ, ನೀವು ಕೊಟ್ಟಿದ್ದಷ್ಟ” ಎಂದರು ಕಾಕು, ಕಣ್ಣು ಮಿಟುಕಿಸದೆ. ಹಿಂದಿನ ದಿನವೇ ಅವರು ಕುಷ್ಟಗಿಯ ಡಾಕ್ಟರ ಹತ್ತಿರ ಕೀಲುನೋವಿಗೆ ಸೂಜಿ ಮಾಡಿಸಿಕೊಂಡು ಬಂದದ್ದು ನನಗೆ ಗೊತ್ತಿತ್ತು. ತಡೆಯಲಾರದೆ ಅಲ್ಲಿಯೇ ಹೇಳಿಬಿಟ್ಟೆ. ಡಾಕ್ಟರು ಬೈದರು. ಆ ಸೂಜಿಯೇ ಕಿಡ್ನಿಯನ್ನು ಹಾಳು ಮಾಡುತ್ತದೆ ಎಂದರು.

ವಾಪಸು ಬರುವಾಗ ಕಾಕು ಮುಖ ಊದಿಸಿಕೊಂಡಿದ್ದರು. ಊರು ಹತ್ತಿರ ಬಂದಾಗ ಬಾಯಿ ಬಿಟ್ಟರು. “ಒಬ್ಬರ ಮುಂದ ಇನ್ನೊಬ್ಬರ ಹೆಸರ ತಗೀತಾರೇನ? ನಮ್ಮ ಊರ ಡಾಕ್ಟರು ನನ್ನ ಮಕ್ಕಳ್ನ ಸಣ್ಣವರಿದ್ದಾಗಿಂದ ನೋಡ್ಯಾರ. ಅವರ ಕಡೆ ಹೋಗೂದ ಬಿಟ್ರ, ಹುಬ್ಬಳ್ಳಿಗೆ ಹೊಂಟೀನಿ ಅಂದ್ರ, ಅವರಿಗೆ ಬ್ಯಾಸರ ಆಗೂದಿಲ್ಲೇನು?”

ಅಂದರೆ ಊರಿನ ಡಾಕ್ಟರಿಗೆ ಹುಬ್ಬಳ್ಳಿಯ ಸುದ್ದಿಯೇ ಗೊತ್ತಿರಲಿಲ್ಲ! ತಲೆ ಚಚ್ಚಿಕೊಳ್ಳುವಂತಾಯಿತು. ನಾನೇ ಹೋಗಿ ಹೇಳುತ್ತೇನೆ ಎಂದೆ. ಬೇಡ, ಇನ್ನು ಸೂಜಿಯ ಸುದ್ದಿಗೇ ಹೋಗುವುದಿಲ್ಲ ಎಂದು ಮಕ್ಕಳ ಮೇಲೆ ಆಣೆ ಮಾಡಿದರು. ಮಕ್ಕಳ ಮೇಲೆ ಆಣೆ ಮಾಡಿದವರನ್ನು ನಂಬದೆ ಇರುವುದು ಹೇಗೆ?

ಆಮೇಲೆ ನನಗೆ ಗಂಗಾವತಿಗೆ ವರ್ಗವಾಯಿತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ, “ಅರಾಮ ಅದೀನವ್ವಾ.” ಅರಾಮ ಎಲ್ಲಿಂದ ಬರಬೇಕು... ಮೈ ನೋವಿಗೆ ಮತ್ತೆ ಸೂಜಿ ನಡೆದೇ ಇತ್ತು. ಕಿಡ್ನಿ ಎರಡೂ ಕೈಕೊಟ್ಟವು. ಡಯಾಲಿಸಿಸ್ ಶುರುವಾಯಿತು, ಬಹಳ ದಿನ ನಡೆಯಲಿಲ್ಲ.

ಮಣ್ಣಿಗೆ ಹೋದಾಗ ಊರಿನ ಆ ಡಾಕ್ಟರೂ ಬಂದಿದ್ದರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು. ಎಲ್ಲವನ್ನೂ ಅವರ ಮುಂದೆ ಕಾರಿಕೊಂಡೆ. ಅವರು ಕಟ್ಟೆಯ ಮೇಲೆ ಕೂತರು.

“ನನಗ ಬ್ಯಾಸರ? ಗೊತ್ತಾಗಿದ್ರ ನಾನ ಚೀಟಿ ಬರದು ಹುಬ್ಬಳ್ಳಿಗೆ ಕಳಸ್ತಿದ್ದೆ. ಬ್ಯಾರೆ ಎಲ್ಲೆರ ತೋರಿಸೀರೇನು ಅಂತ ಮೊದಲನೇ ಸೂಜಿ ಮಾಡಿದ ದಿನ ಕೇಳಿದ್ದೆ ನೋಡವ್ವಾ. ಇಲ್ಲ ಅಂದಿದ್ರು.”

ಈಗ ಮತ್ತೆ ಕುಷ್ಟಗಿಗೇ ವರ್ಗವಾಗಿ ಬಂದಿದ್ದೇನೆ. ಹೋದ ವಾರ ಅದೇ ಡಾಕ್ಟರ ಕೋಣೆಯಲ್ಲಿ ನನಗಿಂತ ಮುಂಚೆ ಒಬ್ಬ ಹೆಂಗಸು ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ಅರ್ಧ ಸರಿದ ಪರದೆಯಿಂದ ಎಲ್ಲ ಕಾಣುತ್ತಿತ್ತು. ಡಾಕ್ಟರಿಗೆ ಈಗ ವಯಸ್ಸಾಗಿದೆ. ಸೂಜಿಗೆ ಔಷಧ ತುಂಬುತ್ತ, ಬೇರೆ ಎಲ್ಲಾದರೂ ತೋರಿಸಿದ್ದೀರಾ ಎಂದು ಕೇಳಿದರು.

“ಎಲ್ಲೀ ಇಲ್ರಿ ಸಾಹೇಬ್ರ, ನೀವ ನಮಗ ಡಾಕ್ಟರು.”

ಕಾಕುವಿನದೇ ವಿನಯ. ನನಗೆ ಮೈಯೆಲ್ಲ ಉರಿಯಿತು, ಎದ್ದು ಒದರಬೇಕೆನಿಸಿತು. ಡಾಕ್ಟರು ಸೂಜಿ ಕೆಳಗಿಟ್ಟು ಮತ್ತೆ ಕೇಳಿದರು. ಆಕೆ ಮತ್ತೆ ಇಲ್ಲ ಎಂದಳು. ಅವರು ಕುರ್ಚಿ ಸರಿಸಿಕೊಂಡು ಆಕೆಯ ಎದುರಿಗೆ ಕೂತು ಇನ್ನೊಮ್ಮೆ ಕೇಳಿದರು.

ಕಾಕುವಿಗೆ ಒಂದೇ ಸಲ ಕೇಳಿದ್ದರು.